ನಾಳೆಯೇ ಸೇರಿ, ಬಿಡುವ ಮಾತು ಆಮೇಲೆ

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಎರಡು ಪಂಚಾಂಗಗಳಿವೆ. ಕೆಲಸ ಬಿಡುವವನ ಪಂಚಾಂಗದಲ್ಲಿ ನೋಟಿಸ್ ಅವಧಿ, ಅಂದರೆ ರಾಜೀನಾಮೆ ಕೊಟ್ಟ ಮೇಲೂ ದುಡಿಯಬೇಕಾದ ಕಾಲ, 90 ದಿನ. ಸೇರುವವನ ಪಂಚಾಂಗದಲ್ಲಿ ಇರುವುದು ಒಂದೇ ತಿಥಿ: ‘ತಕ್ಷಣ’. ನಮ್ಮ ಹುಡುಗನನ್ನು ಮೂರು ತಿಂಗಳಿಗೆ ಮೊದಲು ಬಿಟ್ಟುಕೊಟ್ಟರೆ ಪ್ರಾಜೆಕ್ಟ್ ಮುಳುಗುತ್ತದೆ ಎನ್ನುವ ಮ್ಯಾನೇಜರೇ, ಪಕ್ಕದ ಕಟ್ಟಡದ ಹುಡುಗ ಸೋಮವಾರವೇ ಬಂದು ಕೂರಲಿ ಎನ್ನುತ್ತಾರೆ. ಪಕ್ಕದ ಕಟ್ಟಡದ ಪ್ರಾಜೆಕ್ಟ್ ಮುಳುಗಿದರೆ ಅದು ಮಾರುಕಟ್ಟೆಯ ಸ್ಪರ್ಧೆ.

ಈ ಎರಡು ಪಂಚಾಂಗಗಳನ್ನು ಕೂಡಿಸುವ ಜವಾಬ್ದಾರಿ ಬಿದ್ದಿರುವುದು ಕಂಪನಿಗಳಿಗೆ ಜನ ಹುಡುಕಿಕೊಡುವ ಕನ್ಸಲ್ಟೆನ್ಸಿಗಳ ಮೇಲೆ. ಅಲ್ಲಿಂದ ಫೋನ್ ಬರುವುದು ನೀವು ಮೀಟಿಂಗಿನಲ್ಲಿರುವಾಗ. ಕತ್ತರಿಸಿದರೆ ಮತ್ತೆ ಬರುತ್ತದೆ. ಎತ್ತಿದಿರೋ, ತಪಾಸಣೆ ಶುರು.

“ನಿಮ್ಮ ಈಗಿನ ಸಿಟಿಸಿ, ಅಂದರೆ ವರ್ಷದ ಒಟ್ಟು ಪ್ಯಾಕೇಜ್, ಎಷ್ಟು?”

“ಕಂಪನಿ ಯಾವುದು ಮೇಡಂ?”

“ಪ್ರತಿಷ್ಠಿತ ಬಹುರಾಷ್ಟ್ರೀಯ ಸಂಸ್ಥೆ. ಸಿಟಿಸಿ ಹೇಳಿ.”

“ಕೆಲಸ ಏನು?”

“ಮೇಲ್ ಮಾಡುತ್ತೇನೆ. ನಿಮ್ಮ ನಿರೀಕ್ಷೆ ಎಷ್ಟು?”

“ಕಚೇರಿ ಎಲ್ಲಿದೆ?”

“ವೈಟ್‌ಫೀಲ್ಡ್. ವಾರಕ್ಕೆ ಐದು ದಿನ ಬರಬೇಕು.”

“ನಾನಿರುವುದು ಕೆಂಗೇರಿಯಲ್ಲಿ.”

“ಎರಡೂ ಬೆಂಗಳೂರೇ ಅಲ್ಲವೇ ಸರ್?”

ದೆಹಲಿ ಪಕ್ಕದ ನೋಯ್ಡಾದಲ್ಲಿ ಕುಳಿತು ನಕ್ಷೆ ನೋಡಿದರೆ ಆಕೆ ಹೇಳುವುದು ಸರಿಯೇ. 2023ರ ಅಕ್ಟೋಬರ್‌ನಿಂದ ಕೆಂಗೇರಿಯಾಚೆಯ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೊ ನೇರಳೆ ಮಾರ್ಗ ಒಂದೇ ಗೆರೆಯಾಗಿ ಹರಿಯುತ್ತದೆ. ಆ ಗೆರೆ 43 ಕಿಲೋಮೀಟರ್ ಉದ್ದವಿದೆ, 37 ನಿಲ್ದಾಣಗಳಿವೆ, ಮೆಜೆಸ್ಟಿಕ್‌ನಲ್ಲಿ ಜನ ನುಗ್ಗುವಾಗ ಉಸಿರನ್ನೂ ಸರದಿಯಂತೆ ಬಿಡಬೇಕಾಗುತ್ತದೆ ಎಂಬುದು ನಕ್ಷೆಯಲ್ಲಿ ಕಾಣುವುದಿಲ್ಲ.

ಕಂಪನಿಯ ಹೆಸರು ಮುಚ್ಚಿಡುವುದಕ್ಕೂ ಕಾರಣವಿದೆ. ಕನ್ಸಲ್ಟೆನ್ಸಿಗೆ ಸಿಗುವ ದಲ್ಲಾಳಿ ಹಣ ಸಾಮಾನ್ಯವಾಗಿ ಅಭ್ಯರ್ಥಿಯ ವರ್ಷದ ಸಂಬಳದ 8.33 ಶೇಕಡಾ, ಅಂದರೆ ಒಂದು ತಿಂಗಳ ಸಂಬಳ. ಹನ್ನೆರಡು ಲಕ್ಷದ ಹುಡುಗನಿಗೆ ಒಂದು ಲಕ್ಷ. ಹೆಸರು ಹೇಳಿದರೆ ಹುಡುಗ ನೇರವಾಗಿ ಕಂಪನಿಯ ಬಾಗಿಲು ತಟ್ಟಿಯಾನು. ಹೀಗಾಗಿ ಒಂದೇ ಕೆಲಸಕ್ಕೆ ಮೂರು ಕನ್ಸಲ್ಟೆನ್ಸಿಗಳು ಮೂರು ಗುಟ್ಟುಗಳಾಗಿ ಫೋನ್ ಮಾಡುತ್ತವೆ. ಮೂವರಿಗೂ ರೆಸ್ಯೂಮೆ ಕೊಟ್ಟ ಪಾಪದವನು ಒಂದೇ ಕಂಪನಿಯ ಕಡತದಲ್ಲಿ ಮೂರು ಸಲ ಕಾಣಿಸಿಕೊಂಡು, ‘ಡೂಪ್ಲಿಕೇಟ್’ ಎಂಬ ಷರಾದೊಂದಿಗೆ ಹೊರಬೀಳುತ್ತಾನೆ. ಲಕ್ಷ ಯಾರದು ಎಂಬ ಜಗಳ ಮುಂದುವರಿಯುತ್ತದೆ.

ತಕ್ಷಣ ಸೇರುವವರೇ ಬೇಕೆಂದರೆ ಬುದ್ಧಿವಂತರು ಏನು ಮಾಡುತ್ತಾರೆ? ಬೇರೆ ಕೆಲಸ ಸಿಗುವ ಮೊದಲೇ ರಾಜೀನಾಮೆ ಕೊಟ್ಟು, ಉದ್ಯೋಗ ಜಾಲತಾಣದಲ್ಲಿ ‘ನೋಟಿಸ್ ಅವಧಿಯಲ್ಲಿದ್ದೇನೆ’ ಎಂದು ಗುರುತು ಹಾಕುತ್ತಾರೆ. ಪ್ರೊಫೈಲ್ ಪಟ್ಟಿಯ ಮೇಲ್ಭಾಗದಲ್ಲಿ ತೇಲಲಿ ಎಂದು ದಿನವೂ ರೆಸ್ಯೂಮೆಯ ಒಂದು ಅಲ್ಪವಿರಾಮ ತೆಗೆಯುತ್ತಾರೆ, ಮರುದಿನ ಅದನ್ನೇ ಹಾಕುತ್ತಾರೆ. ಕೊನೆಗೂ ಸಂದರ್ಶನಕ್ಕೆ ಹೋದರೆ ಮೊದಲ ಪ್ರಶ್ನೆ: “ಕೈಯಲ್ಲಿ ಕೆಲಸವಿಲ್ಲದೆ ರಾಜೀನಾಮೆ ಏಕೆ ಕೊಟ್ಟಿರಿ? ಏನಾದರೂ ಸಮಸ್ಯೆಯೇ?”

ಇನ್ನು ಅನುಭವದ ಲೆಕ್ಕ. 2020ರಲ್ಲಿ ಒಂದು ಉದ್ಯೋಗ ಜಾಹೀರಾತು ಫಾಸ್ಟ್‌ಎಪಿಐ ಎಂಬ ತಂತ್ರಾಂಶದಲ್ಲಿ ನಾಲ್ಕು ವರ್ಷಕ್ಕೂ ಹೆಚ್ಚಿನ ಅನುಭವ ಕೇಳಿತ್ತು. ಅದನ್ನು ಕಂಡ ಸೆಬಾಸ್ಟಿಯನ್ ರಮಿರೆಜ್, ಈ ಕೆಲಸಕ್ಕೆ ತಾನು ಅರ್ಹನಲ್ಲ ಎಂದು ಟ್ವಿಟರ್‌ನಲ್ಲಿ ಬರೆದುಕೊಂಡರು. ಫಾಸ್ಟ್‌ಎಪಿಐ ಸೃಷ್ಟಿಸಿದವರೇ ಅವರು. ಸೃಷ್ಟಿಸಿ ಆಗ ಒಂದೂವರೆ ವರ್ಷವಾಗಿತ್ತಷ್ಟೆ. ನಮ್ಮಲ್ಲಾಗಿದ್ದರೆ ಎಚ್‌ಆರ್ ಅವರನ್ನು ಜೂನಿಯರ್ ಎಂದು ಪರಿಗಣಿಸಿ ಸಂಬಳ ಇಳಿಸಲು ಚೌಕಾಸಿಗೆ ಕೂರುತ್ತಿತ್ತು.

ಚೌಕಾಸಿಯ ಮೂಲಮಂತ್ರವೇ ಹಳೆಯ ಸಂಬಳ. ಕ್ಯಾಲಿಫೋರ್ನಿಯದಲ್ಲಿ 2018ರ ಜನವರಿಯಿಂದ ಅಭ್ಯರ್ಥಿಯ ಹಿಂದಿನ ಸಂಬಳ ಕೇಳುವುದು ಕಾನೂನಿಗೆ ವಿರುದ್ಧ. ಅಲ್ಲಿ ಮುಖ್ಯ ಕಚೇರಿ ಇಟ್ಟುಕೊಂಡು ಹೊರವರ್ತುಲ ರಸ್ತೆಯಲ್ಲಿ ಶಾಖೆ ತೆರೆದ ಕಂಪನಿಗಳಿಗೆ ಇದು ಚೆನ್ನಾಗಿಯೇ ಗೊತ್ತು. ಅಭ್ಯರ್ಥಿಯ ಖಾಸಗಿತನದ ಮೇಲಿನ ಆ ಗೌರವ ವಿಮಾನದಲ್ಲಿ ಬರುವಾಗ ಎಲ್ಲೋ ಸಮುದ್ರಕ್ಕೆ ಬೀಳುತ್ತದೆಯೆಂದು ಕಾಣುತ್ತದೆ. ಇಲ್ಲಿ ಮೂರು ತಿಂಗಳ ಪೇ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಹಿಂದಿನ ಆಫರ್ ಲೆಟರ್ ಎಲ್ಲವೂ ಬೇಕು. ಅವರ ಬಜೆಟ್ ಎಷ್ಟೆಂದು ನೀವು ಕೇಳಿ ನೋಡಿ. “ಅದು ಗೋಪ್ಯ ಸರ್.”

ಆಫರ್ ಸಿಕ್ಕಿತು ಅನ್ನಿ. ಆ 90 ದಿನವೂ ಫೋನ್ ತಪ್ಪುವುದಿಲ್ಲ. ನಿಶ್ಚಿತಾರ್ಥ ಮುಗಿಸಿದ ವರ ಓಡಿಹೋದಾನೆಂದು ಕಾವಲು ಕಾಯುವ ಮಾವನಂತೆ, “ಖಂಡಿತ ಸೇರುತ್ತೀರಲ್ಲವೇ? ಬೇರೆ ಆಫರ್ ಇಲ್ಲ ತಾನೇ?” ಎಂದು ವಿಚಾರಿಸುತ್ತಲೇ ಇರುತ್ತಾರೆ. ಆಫರ್ ಸಿಗದಿದ್ದರೆ ಒಂದು ಫೋನೂ ಇಲ್ಲ. ನಾಲ್ಕು ಸುತ್ತು ಸಂದರ್ಶನ ಕೊಟ್ಟು, ಒಂದಿಡೀ ಶನಿವಾರ ಕೋಡಿಂಗ್ ಪರೀಕ್ಷೆ ಬರೆದವನು ಫಲಿತಾಂಶ ಕೇಳಿದರೆ ವಾಟ್ಸ್‌ಆ್ಯಪ್ ಸಂದೇಶದ ಎರಡು ಟಿಕ್‌ಗಳು ನೀಲಿಯಾಗುತ್ತವೆ. ಅದೇ ಉತ್ತರ. ಊಟ ಮಾಡಲು ಬಿಡದೆ ಫೋನ್ ಮಾಡಿದವರಿಗೆ ‘ಆಗಲಿಲ್ಲ’ ಎಂಬ ಒಂದು ಪದ ಟೈಪ್ ಮಾಡಲು ಸಮಯವಿಲ್ಲ.

ಹಾಗೆಂದು ಫೋನ್ ಮಾಡುವ ಹುಡುಗಿಯ ಮೇಲೆ ರೇಗುವುದೂ ಕಷ್ಟ. ದಿನಕ್ಕೆ ಇಷ್ಟು ಕರೆ, ಇಷ್ಟು ರೆಸ್ಯೂಮೆ ಎಂಬ ಟಾರ್ಗೆಟ್ ಅವಳ ತಲೆಯ ಮೇಲಿದೆ. ಅಭ್ಯರ್ಥಿ ಸೇರಿದ ತಿಂಗಳಿಗೇ ಬಿಟ್ಟುಹೋದರೆ ಇನ್ನೊಬ್ಬನನ್ನು ಪುಕ್ಕಟೆಯಾಗಿ ಹುಡುಕಿಕೊಡಬೇಕೆಂಬ ಷರತ್ತು ಅವಳ ಸಂಸ್ಥೆಯ ತಲೆಯ ಮೇಲಿದೆ. ಮೊನ್ನೆ ಒಬ್ಬ ಗೆಳೆಯ ಅನುಕಂಪದಿಂದ, “ಬಹಳ ಒತ್ತಡವೇನಮ್ಮ?” ಎಂದು ಕೇಳಿಬಿಟ್ಟ.

ಅರೆಕ್ಷಣ ಮೌನ. ಆಮೇಲೆ ದನಿ ತಗ್ಗಿತು. “ಸರ್, ನಿಮ್ಮ ಕಂಪನಿಯ ಎಚ್‌ಆರ್ ವಿಭಾಗದಲ್ಲಿ ಖಾಲಿ ಇದೆಯೇ? ನನ್ನ ರೆಸ್ಯೂಮೆ ಕಳಿಸುತ್ತೇನೆ. ಶಿಫಾರಸು ಮಾಡಿದ್ದಕ್ಕೆ ನಿಮಗೂ ರೆಫರಲ್ ಬೋನಸ್ ಬರುತ್ತದಲ್ಲ!”

ಅವನು ಹೂಂ ಅನ್ನುವ ಮೊದಲೇ ರೆಸ್ಯೂಮೆ ವಾಟ್ಸ್‌ಆ್ಯಪ್‌ಗೆ ಬಂದಿತ್ತು. ಹತ್ತು ನಿಮಿಷದ ಬಳಿಕ ಇನ್ನೊಂದು ಸಂದೇಶ: “ಸರ್, ನೋಡಿದಿರಾ? ಸ್ವಲ್ಪ ಅರ್ಜೆಂಟ್.”