ಟೂತ್‌ಪೇಸ್ಟ್ ಹಚ್ಚಿದರೆ ಬಂಪರ್ ಗೀರು ಹೋಗುತ್ತಾ?

ವಿಜಯಪುರದ ಇಕ್ಕಟ್ಟಾದ ಮಾರುಕಟ್ಟೆ ಓಣಿಗಳಲ್ಲಿ ಕಾರಿನ ಮುಂದಿನ ಬಂಪರ್‌ಗೆ ಗೀರು ಬೀಳುವುದು ಹೊಸದಲ್ಲ. ಟೂತ್‌ಪೇಸ್ಟ್ ಉಜ್ಜಿದರೆ ಎಂಥ ಗೀರಾದರೂ ಮಾಯ ಅನ್ನುವ ಸಂದೇಶ, ವಿಡಿಯೋಗಳೂ ಹೊಸದಲ್ಲ.

ಅದು ತಪ್ಪು. ಪೇಸ್ಟ್‌ನಲ್ಲಿರುವುದು ನುಣ್ಣಗಿನ ಉಜ್ಜುಪುಡಿ. ಬಣ್ಣದ ಮೇಲಿನ ಪಾರದರ್ಶಕ ಪದರದ ತೆಳು ಗೆರೆಯನ್ನು ಅದು ಮಸುಕು ಮಾಡಬಹುದು, ಅಷ್ಟೇ. ಹೋದ ಬಣ್ಣವನ್ನು ತುಂಬುವುದಿಲ್ಲ. ಜಾಸ್ತಿ ಉಜ್ಜಿದರೆ ಇದ್ದ ಹೊಳಪೂ ಹೋಗುತ್ತದೆ.

ನೀವೇ ನೋಡಬಹುದು. ಮೊದಲು ಧೂಳು ತೊಳೆಯಿರಿ. ಗೀರಿನ ಮೇಲೆ ನೀರು ಹಾಕಿದಾಗ ಅದು ಕಾಣದಾದರೆ ಮೇಲ್ಪದರದ್ದು, ಕಾರಿನ ಪಾಲಿಶ್ ಸಾಕು. ಒದ್ದೆ ಇದ್ದಾಗ ಇಂಥ ಗೀರು ಕಾಣುವುದಿಲ್ಲವಾದ್ದರಿಂದ, ವಿಡಿಯೋದಲ್ಲೂ ಬಂಪರ್ ಒದ್ದೆ ಇದ್ದಾಗಲೇ ತೋರಿಸಿದ್ದಾರಾ, ಗಮನಿಸಿ. ಉಗುರು ಸಿಕ್ಕಿಕೊಂಡರೆ ಅಥವಾ ಒಳಗಿನ ಪ್ಲಾಸ್ಟಿಕ್ ಕಂಡರೆ ಬಣ್ಣವೇ ಬೇಕು. ಅವಸರವಿಲ್ಲ. ಈಗಿನ ಬಂಪರ್‌ಗಳು ಹೆಚ್ಚಾಗಿ ಪ್ಲಾಸ್ಟಿಕ್, ತುಕ್ಕು ಹಿಡಿಯುವುದಿಲ್ಲ.