11 ತಿಂಗಳಿಗೊಬ್ಬರು ಬದಲಾದರೆ ಮಕ್ಕಳು ಯಾರ ಹತ್ತಿರ ಮಾತಾಡಬೇಕು?

ಪಿಯುಸಿ ರಿಸಲ್ಟ್ ಬಂದ ವಾರ ನನ್ನ ಫೋನಿಗೆ ಪುರುಸೊತ್ತೇ ಇರುವುದಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯ ಕುಮಟಾ, ಅಂಕೋಲಾ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಎಲ್ಲ ಕಡೆಯಿಂದ ಕರೆ. "ಮಗ ಊಟ ಬಿಟ್ಟಿದ್ದಾನೆ, ಸ್ವಲ್ಪ ಬುದ್ಧಿ ಹೇಳಿ" ಅಂತಾರೆ. ಬುದ್ಧಿ ಹೇಳುವವರು ಆ ಹುಡುಗನ ಸುತ್ತ ಆಗಲೇ ಹತ್ತು ಜನ ಇರುತ್ತಾರೆ. ನಾನು ಹೋಗಿ ಕೂತು ಕೇಳಿಸಿಕೊಳ್ಳುತ್ತೇನೆ. ಆ ವಾರ ಕಳೆದರೆ ಮುಂದಿನ ರಿಸಲ್ಟ್ ತನಕ ನಮ್ಮಂಥ ಸಮಾಜ ಕಾರ್ಯಕರ್ತರು ಇದ್ದೇವೆ ಅನ್ನುವುದೇ ಯಾರಿಗೂ ನೆನಪಿರುವುದಿಲ್ಲ.

ಈಗ ಬರೆಯಲು ಕಾರಣ, ಡಿಗ್ರಿ ಕೊನೆಯ ವರ್ಷದ ಕೆಲವು ಹುಡುಗಿಯರು ಇನ್‌ಬಾಕ್ಸಿನಲ್ಲಿ ಒಂದೇ ಪ್ರಶ್ನೆ ಕೇಳಿದ್ದಾರೆ. ಎಂಎಸ್‌ಡಬ್ಲ್ಯೂ, ಅಂದರೆ ಸಮಾಜ ಕಾರ್ಯದ ಮಾಸ್ಟರ್ ಡಿಗ್ರಿ, ಮಾಡಲಾ ಅಕ್ಕಾ? ಹರೆಯದ ಮಕ್ಕಳ ಜೊತೆ ಕೆಲಸ ಮಾಡುವ ಆಸೆ ಇದೆ, ಆದರೆ ಮನೆಯಲ್ಲಿ "ಸಮಾಜ ಸೇವೆ ಮಾಡಿದ್ರೆ ಹೊಟ್ಟೆ ತುಂಬ್ತದಾ" ಅಂತ ಕೇಳ್ತಾರೆ.

ಮಾಡಿ. ಇದು ಓದಿ, ಕಲಿತು, ಸಂಬಳ ತೆಗೆದುಕೊಂಡು ಮಾಡುವ ಕೆಲಸ. ಯಾವ ಡಿಗ್ರಿ ಆಗಿದ್ದರೂ ಎರಡು ವರ್ಷದ ಎಂಎಸ್‌ಡಬ್ಲ್ಯೂಗೆ ಸೇರಬಹುದು. ನಮ್ಮವರಿಗೆ ಹತ್ತಿರ ಅಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ. ಕ್ಲಾಸಿನಲ್ಲಿ ಕೇಳುವುದಕ್ಕಿಂತ ಜಾಸ್ತಿ ಫೀಲ್ಡ್‌ವರ್ಕಿನಲ್ಲಿ ಕಲಿಯುತ್ತೀರಿ. ಆಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ, 10ರಿಂದ 19 ವರ್ಷದ ಮಕ್ಕಳಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿರುವ ಸ್ನೇಹ ಕ್ಲಿನಿಕ್, ಯುವಜನರಿಗೆ ಮಾರ್ಗದರ್ಶನ ಕೊಡುವ ಸರ್ಕಾರದ ಯುವ ಸ್ಪಂದನ, ಸ್ವಯಂಸೇವಾ ಸಂಸ್ಥೆಗಳು, ಹೀಗೆ ದಾರಿಗಳಿವೆ. ಬಾಲನ್ಯಾಯ ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರ ಪಕ್ಕದಲ್ಲಿ ಇಬ್ಬರು ಸಮಾಜ ಕಾರ್ಯಕರ್ತರು ಕೂರಲೇಬೇಕು, ಅದರಲ್ಲಿ ಒಬ್ಬರಾದರೂ ಹೆಂಗಸಾಗಿರಬೇಕು ಅಂತ ಕಾನೂನೇ ಇದೆ. ಅಪ್ಪ ಅಮ್ಮನಿಗೆ ಇದನ್ನೂ ಹೇಳಿ.

ಆದರೆ ಸೇರುವ ಮೊದಲು ಗೊತ್ತಿರಬೇಕಾದ ಮಾತೊಂದಿದೆ. ನನ್ನ ಸಿಟ್ಟೂ ಅದರ ಬಗ್ಗೆಯೇ. ಈ ಹುದ್ದೆಗಳಲ್ಲಿ ಹೆಚ್ಚಿನವು ಗುತ್ತಿಗೆಯವು. ನಾನು ಹಿಂದೆ ಇದ್ದ ಒಂದು ಯೋಜನೆಯಲ್ಲಿ 11 ತಿಂಗಳಿಗೊಮ್ಮೆ ನೇಮಕದ ಆರ್ಡರ್ ಮುಗಿಯುತ್ತಿತ್ತು. ಹೊಸ ಆರ್ಡರ್ ಬರುವ ತನಕ ಸಂಬಳ ಇಲ್ಲ, ಕೆಲಸ ಮಾತ್ರ ಇದೆ. ಮನೆ ಬಾಡಿಗೆ ಕಟ್ಟಬೇಕಾದವರು ಎಷ್ಟು ದಿನ ಕಾಯುತ್ತಾರೆ? ಒಳ್ಳೆಯ ಹುಡುಗ ಹುಡುಗಿಯರು ಬೆಂಗಳೂರಿನ ಕಂಪನಿಗಳ ಎಚ್‌ಆರ್ ಕೆಲಸಕ್ಕೆ ಹೋದರು. ಅವರನ್ನು ನಾನು ದೂರುವುದಿಲ್ಲ. ಇಲ್ಲಿ ಉಳಿದ ಮಕ್ಕಳಿಗೆ ಏನಾಯಿತು ಅಂತ ಮಾತ್ರ ಕೇಳುತ್ತೇನೆ.

ಈ ಕೆಲಸದಲ್ಲಿ ಔಷಧಿ ಇಲ್ಲ, ಯಂತ್ರ ಇಲ್ಲ. ಇರುವುದು ಒಂದೇ, ಗುರುತಿನ ಮುಖ. ಅದನ್ನೇ ವರ್ಷ ವರ್ಷ ಬದಲಾಯಿಸಿದರೆ ಉಳಿಯುವುದೇನು?

ಒಂದು ಘಟನೆ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯುವ ಹಾಗಿಲ್ಲ, ನಿಮಗೆಲ್ಲ ಗೊತ್ತು. ವರ್ಷವಿಡೀ ಕೈಗೆ ಸಿಗದ ಬೋಟಿನ ಹುಡುಗರು ಆ ಎರಡು ತಿಂಗಳು ದಡದಲ್ಲಿ ಇರುತ್ತಾರೆ. ತಾಡಪಾಲಿನ ಕೆಳಗೆ ಕೂತು ಬಲೆ ರಿಪೇರಿ ಮಾಡುತ್ತಾರೆ. ನಾನೂ ಹೋಗಿ ಕೂರುತ್ತೇನೆ, ಬಲೆಯ ಒಂದು ತುದಿ ಹಿಡಿದುಕೊಳ್ಳುತ್ತೇನೆ. ಎದುರುಬದುರು ಕೂರಿಸಿ "ಹೇಳು, ಏನು ತೊಂದರೆ" ಅಂದರೆ ಈ ಮಕ್ಕಳು ಬಾಯಿ ಬಿಡುವುದಿಲ್ಲ. ಕೈಗೆ ಕೆಲಸ ಇದ್ದು, ಕಣ್ಣು ಬೇರೆ ಕಡೆ ಇದ್ದರೆ ಮಾತು ಬರುತ್ತದೆ.

ಪಿಯುಸಿ ಫೇಲಾಗಿ ಬೋಟಿಗೆ ಹೋಗುತ್ತಿದ್ದ ಹುಡುಗ ಅವನು. ಮೊದಲ ಮಳೆಗಾಲ ಪೂರ್ತಿ ಹೂಂ, ಊಹೂಂ ಬಿಟ್ಟರೆ ಬೇರೆ ಮಾತಿಲ್ಲ. ಮಾರನೇ ವರ್ಷದ ಜುಲೈನಲ್ಲಿ ಒಂದು ದಿನ ತಲೆ ಎತ್ತದೆ ಕೇಳಿದ, "ಅಕ್ಕೋರೆ, ನಿಮ್ಮ ಫೋನು ರಾತ್ರಿನೂ ಆನ್ ಇರ್ತದಾ?"

ಅದು ಫೋನಿನ ಬಗ್ಗೆ ಕೇಳಿದ ಪ್ರಶ್ನೆ ಅಲ್ಲ ಅಂತ ಈ ಕೆಲಸ ಮಾಡಿದವರಿಗೆ ಗೊತ್ತಾಗುತ್ತದೆ. "ತಮಾ, ಸಾಯಬೇಕು ಅಂತ ಅನಿಸ್ತದಾ?" ಅಂತ ನೇರವಾಗಿಯೇ ಕೇಳಿದೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅಂತ ತುಂಬಾ ಜನ ಹೆದರುತ್ತಾರೆ, ಹಾಗೇನೂ ಆಗುವುದಿಲ್ಲ. ಕೇಳಿದ್ದಕ್ಕೆ ಎದೆ ಹಗುರಾಗುವುದೇ ಜಾಸ್ತಿ. ಅವನ ಕೈ ನಿಂತಿತು. "ಒಂದೊಂದ್ ಸಲ" ಅಂದ. ಆಮೇಲೆ ಕತ್ತಲಾಗುವ ತನಕ ಮಾತಾಡಿದ.

ಗುಟ್ಟು ಬಿಟ್ಟುಕೊಡುವುದಿಲ್ಲ ಅಂತ ನಾವು ಮಕ್ಕಳಿಗೆ ಮಾತು ಕೊಡುತ್ತೇವೆ. ಆದರೆ ಜೀವಕ್ಕೆ ಅಪಾಯ ಇದ್ದರೆ, ಅಥವಾ 18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದ್ದರೆ, ಸುಮ್ನೆ ಇರಲು ಆಗುವುದಿಲ್ಲ. ದೌರ್ಜನ್ಯವನ್ನು ತಿಳಿಸಲೇಬೇಕು ಅಂತ 2012ರ ಪೋಕ್ಸೋ ಕಾನೂನು ಹೇಳುತ್ತದೆ. ಇದನ್ನು ಮೊದಲ ಭೇಟಿಯಲ್ಲೇ ಹೇಳಿಬಿಡಬೇಕು. ಅವನಿಗೂ ಹೇಳಿದ್ದೆ, ಅದಕ್ಕೇ ಆ ದಿನ ಅವನ ಎದುರಿಗೇ ಅವನ ಅಕ್ಕನಿಗೆ ಫೋನ್ ಮಾಡಿದಾಗ ಅವನಿಗೆ ಮೋಸ ಅನಿಸಲಿಲ್ಲ. ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬಂದಾಗ ಮೂವರೂ ಹೋದೆವು. ಈಗ ಅವನು ಬೋಟಿನಲ್ಲೇ ಇದ್ದಾನೆ. ದೊಡ್ಡ ಮೀನು ಸಿಕ್ಕಿದರೆ ಫೋಟೋ ಕಳಿಸುತ್ತಾನೆ.

ಲೆಕ್ಕ ಹಾಕಿ ನೋಡಿ. ಆ ಪ್ರಶ್ನೆ ಬಂದದ್ದು ಎರಡನೇ ಮಳೆಗಾಲದಲ್ಲಿ. 11 ತಿಂಗಳಿಗೆ ನನ್ನ ಜಾಗದಲ್ಲಿ ಬೇರೆಯವರು ಬಂದಿದ್ದರೆ, ಅವರು ನನಗಿಂತ ಬುದ್ಧಿವಂತರೇ ಆಗಿದ್ದರೂ, ಆ ಹುಡುಗ ಮತ್ತೆ ಹೂಂ, ಊಹೂಂ ಅನ್ನುವುದರಿಂದಲೇ ಶುರು ಮಾಡಬೇಕಿತ್ತು.

2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಇದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಕೊಟ್ಟ ಲೆಕ್ಕ. ಪ್ರಯತ್ನ ಮಾಡಿ ಉಳಿದವರು ಇದರಲ್ಲಿ ಸೇರಿಲ್ಲ. ನಮ್ಮ ಕಡೆ ಅಂಥದ್ದೇನಾದರೂ ಆದರೆ ಪೊಲೀಸ್ ಕೇಸಿಗೆ ಹೆದರಿ ಮುಚ್ಚಿಡುತ್ತಾರೆ, ಹೊಟ್ಟೆನೋವು ಅಂತ ಹೇಳಿ ಮನೆಗೆ ಕರೆದುಕೊಂಡು ಹೋಗುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು. ಅವರಿಗೆ ಚಿಕಿತ್ಸೆ, ಆರೈಕೆ ಕೊಡುವುದು ಸರ್ಕಾರದ ಹೊಣೆ.

ಇನ್ನೊಂದು ಮಾತು. ಸಮಾಜ ಕಾರ್ಯಕರ್ತರು ಅಂದರೆ ಬರೀ ಮಾತಾಡಿಸುವವರಲ್ಲ. ಘಟ್ಟದ ಮೇಲಿನ ಒಂದು ಹುಡುಗಿಗೆ "ಡಿಪ್ರೆಶನ್" ಅಂತ ಮನೆಯವರೇ ತೀರ್ಮಾನ ಮಾಡಿದ್ದರು. ಕಾಲೇಜು ಬೇಡ ಅಂತ ಅಳುತ್ತಿದ್ದಳು. ಕೂತು ಕೇಳಿದರೆ, ಸಂಜೆ ಬಸ್ಸು ಇಳಿದ ಮೇಲೆ ಕತ್ತಲೆಯಲ್ಲಿ ಒಬ್ಬಳೇ ಕಾಡುದಾರಿ ನಡೆಯಬೇಕು, ಆ ದಾರಿಯಲ್ಲಿ ಒಬ್ಬ ದಿನಾ ಹಿಂದೆ ಬರುತ್ತಾನೆ. ಮನೆಯಲ್ಲಿ ಹೇಳಿದರೆ ಓದು ಬಿಡಿಸುತ್ತಾರೆ ಅನ್ನುವ ಹೆದರಿಕೆ. ಅವಳಿಗೆ ಬೇಕಾಗಿದ್ದದ್ದು ಸರ್ಕಾರಿ ಹಾಸ್ಟೆಲಿನಲ್ಲಿ ಒಂದು ಸೀಟು, ಅವನಿಗೆ ಪೊಲೀಸರ ಎಚ್ಚರಿಕೆ, ಅಪ್ಪನ ಜೊತೆ ಒಂದು ಸಂಜೆ ಮಾತು. ಮೂರೂ ಆಯಿತು. ಮನಸ್ಸಿನ ಕಷ್ಟ ಅಂತ ಕಾಣುವುದರ ಹಿಂದೆ ಎಷ್ಟೋ ಸಲ ಬಸ್ಸು, ಸಾಲ, ಅಪ್ಪನ ಕುಡಿತ, ಗೋವಾಕ್ಕೆ ದುಡಿಯಲು ಹೋದ ಅಣ್ಣ ದುಡ್ಡು ಕಳಿಸದೇ ಇರುವುದು ಇರುತ್ತದೆ. ಊರು ಗೊತ್ತಿಲ್ಲದವರಿಗೆ ಇದು ಕಾಣುವುದಿಲ್ಲ.

ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು 2024ರ ಜುಲೈ 16ರಂದು. ಗಂಗಾವಳಿ ನದಿಯ ಆಚೆ ದಡದ ಉಳುವರೆ ಊರಿಗೂ ನೀರು ನುಗ್ಗಿತು. ಕ್ಯಾಮೆರಾಗಳು ಇದ್ದಷ್ಟು ದಿನ ಎಲ್ಲರೂ ಇದ್ದರು. ಆದರೆ ಇಂಥ ಭಯ ಆಗಿಂದಾಗ ಹೊರಗೆ ಬರುವುದು ಕಡಿಮೆ. ಮುಂದಿನ ವರ್ಷ ಮಳೆ ಜೋರಾದಾಗ, ರಾತ್ರಿ ಗುಡ್ಡದ ಕಡೆ ಸದ್ದಾದಾಗ ಬರುತ್ತದೆ. ಆ ಹೊತ್ತಿಗೆ ಮಗುವಿಗೆ ಗೊತ್ತಿರುವ ಮುಖ ಊರಲ್ಲಿ ಇರಬೇಕು, ಅಲ್ವಾ?

ಹಾಗಾಗಿ ನಾನು ಕೇಳುವುದು ಇಷ್ಟು. ತಾಲೂಕಿಗೆ ಒಬ್ಬರಾದರೂ ಯುವಜನರಿಗಾಗಿಯೇ ಇರುವ ಸಮಾಜ ಕಾರ್ಯಕರ್ತರು ಬೇಕು, ಕಾಯಂ ಹುದ್ದೆಯಲ್ಲಿ. ಹೊಸ ಯೋಜನೆ, ಹೊಸ ಹೆಸರು, ಹೊಸ ಬ್ಯಾನರ್ ಬೇಡ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಒಬ್ಬರು ಕೌನ್ಸೆಲರನ್ನೋ, ಮನಶ್ಶಾಸ್ತ್ರಜ್ಞರನ್ನೋ, ಸಮಾಜ ಕಾರ್ಯಕರ್ತರನ್ನೋ ನೇಮಿಸಬೇಕು ಅಂತ ಹೇಳಿದೆ. ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ನಮ್ಮ ಜಿಲ್ಲೆಯ ಪಿಯು, ಡಿಗ್ರಿ ಕಾಲೇಜುಗಳಲ್ಲಿ 100 ಮಕ್ಕಳಿರುವುದು ಎಷ್ಟಿಲ್ಲ! ಮುಂದಿನ ಪಾಲಕರ ಸಭೆಯಲ್ಲಿ ಎದ್ದು ನಿಂತು ಕೇಳಿ. ಯಾರನ್ನು ನೇಮಿಸಿದ್ದೀರಿ, ಏನು ಓದಿದ್ದಾರೆ, ಮುಂದಿನ ವರ್ಷವೂ ಇರುತ್ತಾರಾ? ನಮ್ಮ ದೇಶದಲ್ಲಿ ವೈದ್ಯರಿಗೆ ಇರುವಂತೆ ಎಲ್ಲ ಸಮಾಜ ಕಾರ್ಯಕರ್ತರೂ ಹೆಸರು ನೋಂದಾಯಿಸಲೇಬೇಕಾದ ಒಂದು ಮಂಡಳಿ ಇಲ್ಲ. ಅದಕ್ಕೇ ಎರಡನೇ ಪ್ರಶ್ನೆಯನ್ನು ಬಿಡಬೇಡಿ.

ಇನ್‌ಬಾಕ್ಸಿಗೆ ಬಂದ ಹುಡುಗಿಯರೇ, ಅರ್ಜಿ ಹಾಕಿ. ಓದು ಮುಗಿಸಿ ಇಲ್ಲಿಗೇ ಬನ್ನಿ, ಕೊಂಕಣಿಯೂ ಸ್ವಲ್ಪ ಕಲಿತಿರಿ, ಕಾರವಾರದ ಕಡೆ ಬೇಕಾಗುತ್ತದೆ. ಮತ್ತೆ ಇದನ್ನು ಓದುತ್ತಿರುವವರಲ್ಲಿ ಯಾರಿಗಾದರೂ ಈ ರಾತ್ರಿಯೇ ಮಾತಾಡಬೇಕು ಅನಿಸುತ್ತಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರು 14416. ದುಡ್ಡಿಲ್ಲ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 18ರ ಒಳಗಿನವರಾದರೆ ಮಕ್ಕಳ ಸಹಾಯವಾಣಿ 1098 ಕೂಡ ಇದೆ.