ರಿಮೋಟ್ ಆಮೇಲೆ, ಮೊದಲು ಹೊರಗಿನ ಯೂನಿಟ್ ನೋಡಿ

ಕರ್ನಾಟಕ ಬಿಟ್ಟು ಬಿರುಬಿಸಿಲಿನ ನಾಡು ಸೇರಿದ ನಮ್ಮಲ್ಲಿ ಹಲವರು ಸೆಖೆ ಏರಿದರೆ ಕಿಟಕಿ ತೆರೆಯುತ್ತೇವೆ, ಅದೂ ಸಾಲದಿದ್ದರೆ ಎ.ಸಿ. ಹಾಕಿ 16ಕ್ಕೆ ಇಳಿಸುತ್ತೇವೆ. ಹೊರಗೆ 32 ಡಿಗ್ರಿ ಇರುವಲ್ಲಿ ಇದು ಹೇಗೋ ನಡೆಯುತ್ತದೆ, 45 ಮುಟ್ಟುವಲ್ಲಿ ನಡೆಯುವುದಿಲ್ಲ. ಇಲ್ಲಿನ ಬೇಸಿಗೆಯಲ್ಲೇ ಬೆಳೆದವರು ಬಿಸಿಲೇರುವ ಮುಂಚೆಯೇ ಕಿಟಕಿ ಮುಚ್ಚಿ, ಗಾಜಿಗೆ ಹೊರಗಡೆಯಿಂದ ನೆರಳು ಕಟ್ಟಿ, ಆಮೇಲೆ ಎ.ಸಿ. ಯೋಚನೆ ಮಾಡುತ್ತಾರೆ. ಅವರ ಕ್ರಮವೇ ಸರಿ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಎ.ಸಿ. ಮಾಡುವ ಕೆಲಸ ಕೋಣೆಯ ಶಾಖವನ್ನು ಹೊತ್ತು ಹೊರಗೆ ಚೆಲ್ಲುವುದು. ಹಾಗೆ ಚೆಲ್ಲಬೇಕಾದರೆ ಹೊರಗಿನ ಯೂನಿಟ್‌ನ ಕಾಯಿಲ್, ಅಂದರೆ ಶಾಖ ಬಿಡುವ ಕೊಳವೆಯ ಸುರುಳಿ, ಸುತ್ತಲಿನ ಗಾಳಿಗಿಂತ ಬಿಸಿಯಾಗಿರಬೇಕು. ಗಾಳಿ ಕಾದಷ್ಟೂ ಎ.ಸಿ.ಯೊಳಗಿನ ಗ್ಯಾಸನ್ನು ಒತ್ತುವ ಕಂಪ್ರೆಸರ್ ಹೆಚ್ಚು ಒತ್ತಡದಲ್ಲಿ ದುಡಿಯುತ್ತದೆ, ಕರೆಂಟು ಹೆಚ್ಚು ಎಳೆಯುತ್ತದೆ, ಕೊಡುವ ತಂಪು ಮಾತ್ರ ಕಡಿಮೆ. ಎ.ಸಿ.ಯ ತಂಪು ಕೊಡುವ ಶಕ್ತಿಯನ್ನು ಟನ್‌ನಲ್ಲಿ ಹೇಳುತ್ತಾರೆ. ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್, ಆದರೆ ಆ ಅಳತೆ ಸಾಮಾನ್ಯವಾಗಿ ಹೊರಗೆ 35 ಡಿಗ್ರಿ ಇಟ್ಟು ಮಾಡಿದ್ದು. 45ರ ಮಧ್ಯಾಹ್ನ ಅದೇ ಯಂತ್ರದಿಂದ ಅಷ್ಟು ಸಿಗದು. ಪೂರ್ತಿ ಶಕ್ತಿಯಲ್ಲಿ ಓಡುತ್ತಿರುವ ಕಂಪ್ರೆಸರ್‌ಗೆ 16 ಒತ್ತಿದರೂ 24 ಒತ್ತಿದರೂ ಹೆಚ್ಚಿನ ಬಲ ಬರುವುದಿಲ್ಲ.

ಹಾಗಾಗಿ ಹೊರಗಿನ ಯೂನಿಟ್‌ಗೆ ಉಸಿರಾಡಲು ಜಾಗ ಕೊಡಬೇಕು. ಮುಚ್ಚಿದ ಬಾಲ್ಕನಿಯಲ್ಲಿ, ಗೋಡೆಗೆ ಒತ್ತರಿಸಿ, ಎದುರಿಗೆ ಬಟ್ಟೆ ಒಣಹಾಕಿದರೆ ಅದು ತಾನೇ ಬಿಟ್ಟ ಬಿಸಿಗಾಳಿಯನ್ನು ಮತ್ತೆ ಎಳೆದುಕೊಳ್ಳುತ್ತದೆ. 40ರ ದಿನ ಅದಕ್ಕೆ 50ರ ದಿನದಂತಾಗುತ್ತದೆ. ಮೇಲೆ ನೆರಳಿರಲಿ, ಸುತ್ತ ಬಯಲಿರಲಿ. ಕಾಯಿಲ್‌ಗೆ ಅಂಟಿದಂತಿರುವ, ಧೂಳು ಕೂತ ತೆಳು ತಗಡುಗಳನ್ನು ಮೇನ್ ಸ್ವಿಚ್ ಆರಿಸಿ ಮೆಲ್ಲನೆ ನೀರು ಹಾಯಿಸಿ ತೊಳೆಯಿರಿ. ರಭಸದ ನೀರಿಗೆ ಅವು ಬಾಗಿ ಗಾಳಿಯ ದಾರಿಯೇ ಮುಚ್ಚುತ್ತದೆ.

ಮಧ್ಯಾಹ್ನವಿಡೀ ಯೂನಿಟ್ ಮೇಲೆ ನೀರು ಚಿಮುಕಿಸುವವರೂ ಇದ್ದಾರೆ. ಒಣಗಾಳಿಯಲ್ಲಿ ಅದರಿಂದ ಪ್ರಯೋಜನ ಇದೆ, ನಿಜ. ಆದರೆ ಗಡಸು ನೀರಿನ ಉಪ್ಪು ಕಾಯಿಲ್ ಮೇಲೆ ಕಟ್ಟಿಕೊಂಡು ಕೊನೆಗೆ ಶಾಖ ಹೋಗುವುದನ್ನೇ ತಡೆಯುತ್ತದೆ. ನಾನಂತೂ ಬೇಡ ಎನ್ನುತ್ತೇನೆ.

ಪಶ್ಚಿಮದ ಕಿಟಕಿಗೆ ಒಳಗಿನ ಪರದೆ ಸಾಲದು. ಗಾಜು ದಾಟಿದ ಬಿಸಿಲಿನ ಶಾಖದಲ್ಲಿ ಬಹುಪಾಲು ಕೋಣೆಯಲ್ಲೇ ಉಳಿಯುತ್ತದೆ, ಅದನ್ನು ಎ.ಸಿ.ಯೇ ಹೊರಬೇಕು. ಹೊರಗೆ ಕಟ್ಟಿದ ಚಾಪೆಯೋ ಬಲೆಯೋ ಗಾಜಿಗೆ ತಾಗುವ ಮೊದಲೇ ಬಿಸಿಲನ್ನು ತಡೆಯುತ್ತದೆ. ಜೊತೆಗೆ ಫ್ಯಾನ್ ತಿರುಗಲಿ, 26ರಲ್ಲೂ ಹಿತವೆನಿಸುತ್ತದೆ.

ಫಿಲ್ಟರ್ ತೊಳೆಯುವುದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮರೆಯುವುದು ಕೊಳವೆಯೊಳಗೆ ಸುತ್ತುತ್ತಾ ಶಾಖ ಹೊರುವ ಗ್ಯಾಸ್ ವಿಷಯ. ಅದು ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ, ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ. ಸೋರಿಕೆ ಹುಡುಕದೆ ವರ್ಷವರ್ಷವೂ ತುಂಬಿಸಲು ಬರುವವರನ್ನು ಕೇಳಿ, ಎಲ್ಲಿ ಸೋರುತ್ತಿದೆ ಎಂದು.

ಕಿಟಕಿ ತೆರೆಯುವ ಅಭ್ಯಾಸಕ್ಕೂ ಹೊತ್ತಿದೆ. ಒಣನಾಡಿನಲ್ಲಿ ರಾತ್ರಿ ಹೊರಗಾಳಿ ಒಳಗಿಗಿಂತ ತಂಪಾದ ಮೇಲೆ ಧಾರಾಳವಾಗಿ ತೆರೆಯಬಹುದು. ತೇವದ ಹವೆಯ ಊರಿನಲ್ಲಿ ಹಾಗಲ್ಲ. ಅಲ್ಲಿ ತಂಪಿನ ಜೊತೆ ನೀರಾವಿಯೂ ಒಳಬರುತ್ತದೆ, ಮರುದಿನ ಎ.ಸಿ. ಮೊದಲು ಅದನ್ನು ಹಿಂಡಿ ಹೊರಹಾಕಬೇಕು. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಒಂದು ಮುದ್ರಣಾಲಯಕ್ಕಾಗಿ ಈ ಯಂತ್ರ ರೂಪಿಸಿದ್ದೇ ಗಾಳಿಯ ತೇವ ಹತೋಟಿಗೆ ತರಲು. ಅಂಥ ಊರುಗಳಲ್ಲಿರುವವರು ರಾತ್ರಿಯೂ ಕಿಟಕಿ ಮುಚ್ಚಿ, ರಿಮೋಟ್‌ನಲ್ಲಿ ತೇವ ತೆಗೆಯುವ ಡ್ರೈ ಮೋಡ್ ಹಾಕಿ ನೋಡಲಿ.